ಭಾವನ ಕಾರಿನ ಅಭ್ಯಂಜನ

ಬೆಳ್ತಂಗಡಿ ಕಡೆ ಬಂದವರು ‘ನಿಮ್ಮ ಕಾರಿನ ಬಣ್ಣ ಯಾವುದು?’ ಎಂದು ಮಾತ್ರ ಕೇಳಬೇಡಿ ಮಾರಾಯ್ರೆ, ಬೇಸರವಾಗ್ತದೆ. ಆರ್‌ಸಿಯಲ್ಲಿ ಬಿಳಿ ಎಂದೋ ಬೆಳ್ಳಿ ಎಂದೋ ಬರೆದಿರಬಹುದು. ಜೂನ್ ಬಂತೆಂದರೆ ಎಲ್ಲ ಕಾರುಗಳೂ ಒಂದೇ ಜಾತಿ, ಮುರಕಲ್ಲಿನ ಬಣ್ಣದ್ದು. ಮಳೆ ಬಿಟ್ಟ ಮೇಲೆ ಅದೇ ಕೆಸರು ಧೂಳಾಗಿ ಎದ್ದು ಬರುತ್ತದೆ. ಪುಂಜಾಲಕಟ್ಟೆಯಿಂದ ಚಾರ್ಮಾಡಿವರೆಗೆ ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದ ಮೇಲಂತೂ ಒಮ್ಮೆ ಗುರುವಾಯನಕೆರೆಗೆ ಹೋಗಿ ಬಂದರೆ ಸಾಕು, ಹಿಂದಿನ ಗಾಜಿನ ಮೇಲೆ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಬಹುದು.

ಈ ವಿಷಯದಲ್ಲಿ ನಮ್ಮಲ್ಲಿ ಎರಡು ಪಂಗಡ ಉಂಟು. ಒಂದು, ‘ಮಳೆಗೆ ತೊಳೀತದೆ ಬಿಡಿ’ ಎನ್ನುವವರದ್ದು. ಇವರ ಕಾರು ಸರಿಯಾಗಿ ನೀರು ಕಾಣುವುದು ಆಯುಧಪೂಜೆಯ ಹಿಂದಿನ ದಿನ. ಅಷ್ಟರೊಳಗೆ ಮಡ್‌ಗಾರ್ಡಿನ ಒಳಗೆ ಕೆಸುವು ಬೆಳೆದು ಒಂದು ಹೊತ್ತಿನ ಪತ್ರೊಡೆಗೆ ಆಗುವಷ್ಟಿರುತ್ತದೆ. ಇನ್ನೊಂದು ನಮ್ಮ ಭಾವನ ಪಂಗಡ. ಭಾನುವಾರ ಬೆಳಿಗ್ಗೆ ಕಾಫಿಗೂ ಮೊದಲು ಪೈಪು ಹಿಡಿಯುವವರು. ಕಾರಿಗೆ ಹೆಚ್ಚು ಪೆಟ್ಟು ಕೊಡುವವರು ಈ ಎರಡನೆಯವರೇ ಎಂದು ನನ್ನ ವಾದ. ಹೇಳಿದರೆ ಅಕ್ಕ ನಗುತ್ತಾಳೆ, ಭಾವ ಮಾತು ಬಿಡುತ್ತಾರೆ.

ಭಾವನ ಸಲಕರಣೆ ನೋಡಿ. ಬಾಲ್ದಿ ಒಂದು. ಪಾತ್ರೆ ತೊಳೆಯುವ ಸಾಬೂನು, ಅಕ್ಕನ ಕಣ್ಣು ತಪ್ಪಿಸಿ ತಂದದ್ದು. ಬಣ್ಣ ಹೋದ ಬೈರಾಸು. ಮತ್ತೆ ಅಡಿಕೆಗೆ ಮದ್ದು ಬಿಡುವ ಪಂಪು. ಬೈರಾಸನ್ನು ಬಾಲ್ದಿಗೆ ಅದ್ದಿ, ಕೆಸರಿನ ಮೇಲೆಯೇ ಗರಗರ ತಿರುಗಿಸಿ ಉಜ್ಜಿ, ಪುನಃ ಅದೇ ಬಾಲ್ದಿಗೆ ಅದ್ದಿ, ಪುನಃ ಉಜ್ಜುವುದು. ಮೂರನೇ ಸಲ ಅದ್ದುವ ಹೊತ್ತಿಗೆ ಬಾಲ್ದಿಯಲ್ಲಿರುವುದು ನೀರಲ್ಲ, ಗೋಡೆ ಕಟ್ಟಲಿಕ್ಕಾಗುವ ಸಾಮಾನು.

‘ಭಾವ, ಹಾಗೆ ಉಜ್ಜಬೇಡಿ, ಗೆರೆ ಬೀಳ್ತದೆ’ ಅಂದೆ.

‘ಕೆಸರು ಮೆತ್ತಗಲ್ವಾ ಭಾವ, ಅದೆಂತ ಗೆರೆ?’

ಕೆಸರು ಮೆತ್ತಗೆ ಹೌದು, ಅದರೊಳಗಿನ ಮರಳು ಮೆತ್ತಗಲ್ಲವಲ್ಲ. ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಒಂದು ಪಾರದರ್ಶಕ ಪದರ ಉಂಟು. ನಾವು ಹೊಳಪು ಹೊಳಪು ಎನ್ನುವುದೆಲ್ಲ ಅದರದ್ದೇ. ದಪ್ಪ ಸುಮಾರು 40ರಿಂದ 50 ಮೈಕ್ರಾನ್. ತಲೆಗೂದಲಿನ ಒಂದು ಎಳೆ ಸಾಮಾನ್ಯವಾಗಿ ಇದಕ್ಕಿಂತ ದಪ್ಪ (ಭಾವನ ತಲೆಯಿಂದ ಮಾದರಿ ತೆಗೆಯುವ ಹಾಗಿಲ್ಲ, ಉಳಿದಿರುವುದೇ ಕೆಲವು). ಅಷ್ಟು ತೆಳುವಿನ ಮೇಲೆ ಮರಳು ಹಿಡಿದ ಬೈರಾಸು ಸುತ್ತು ಹಾಕಿದರೆ ಸುತ್ತು ಸುತ್ತಾಗಿಯೇ ಗೆರೆ ಬೀಳುತ್ತದೆ. ನೆರಳಲ್ಲಿ ಕಾಣುವುದಿಲ್ಲ. ಬಿಸಿಲಿಗೆ ತಂದು ನೋಡಿ, ಬಾನೆಟ್ಟಿನ ಮೇಲೆ ಸೂರ್ಯನ ಸುತ್ತ ಜೇಡರ ಬಲೆ. ಭಾವ ಅದನ್ನು ಕಂಪೆನಿಯ ಡಿಸೈನ್ ಎಂದು ತಿಳಿದಿದ್ದರು.

ಹೊಸಬರು ಕಲಿಯಬೇಕಾದದ್ದರಲ್ಲಿ ಮುಕ್ಕಾಲು ಪಾಲು ಕೈ ಮುಟ್ಟುವ ಮೊದಲೇ ಮುಗಿಯುತ್ತದೆ. ಸುಮ್ಮನೆ ನೀರು ಬಿಡಿ. ಚಕ್ರದ ಮೇಲಿನ ಗೂಡಿನಲ್ಲಿ ಹೆಪ್ಪುಗಟ್ಟಿದ ಕೆಂಪು ಮಣ್ಣು ನೆನೆಯಲಿ, ಕಳಚಿ ಬೀಳಲಿ. ಅದು ಅಲ್ಲೇ ಕೂತರೆ ಪಸೆ ಹಿಡಿದು ತಗಡನ್ನು ತಿನ್ನುತ್ತದೆ. ಚಕ್ರ ಮೊದಲು ತೊಳೆದು ಮುಗಿಸಿ, ಅದಕ್ಕೆ ಬೇರೆಯೇ ಬಟ್ಟೆ, ಯಾಕೆಂದರೆ ಅಲ್ಲಿ ಬ್ರೇಕಿನ ಕಬ್ಬಿಣದ ಪುಡಿ ಇರುತ್ತದೆ. ಆಮೇಲೆ ಮೈ, ಮಾಡಿನಿಂದ ಶುರು. ವೇಣೂರಿನಲ್ಲಿ 2024ರ ಫೆಬ್ರವರಿ ಕೊನೆಗೆ ಮಹಾಮಸ್ತಕಾಭಿಷೇಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1604ರಿಂದ ನಿಂತ 35 ಅಡಿಯ ಬಾಹುಬಲಿಗೆ ಹಾಲಾಗಲಿ ಅರಸಿನವಾಗಲಿ ಅಟ್ಟಳಿಗೆ ಹತ್ತಿ ತಲೆಗೇ ಎರೆಯುತ್ತಾರೆ ಹೊರತು ಯಾರೂ ಪಾದದಿಂದ ಮೇಲಕ್ಕೆ ಉಜ್ಜುತ್ತ ಹೋಗುವುದಿಲ್ಲ. ಭಾವ ಅಲ್ಲಿ ಕೈ ಮುಗಿದು ಪೂರಾ ನೋಡಿ ಬಂದವರು. ಮರುದಿನ ಬಾಗಿಲಿನ ಕೆಳಭಾಗ ಉಜ್ಜಿದ ಬೈರಾಸಿನಿಂದಲೇ ಮಾಡು ಉಜ್ಜಿದರು.

ಬಾಲ್ದಿ ಎರಡು ಬೇಕು. ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಬರೀ ನೀರಲ್ಲಿ ಹಿಂಡಿದ ಮೇಲೆಯೇ ಶಾಂಪೂಗೆ ಅದ್ದುವುದು. ಬೈರಾಸಿನ ಬದಲು ಮೈಕ್ರೋಫೈಬರ್. ಅದರ ಎಳೆಗಳು ಮರಳನ್ನು ಒಳಗೆ ಎಳೆದುಕೊಳ್ಳುತ್ತವೆ. ಅದು ನೆಲಕ್ಕೆ ಬಿತ್ತೋ, ಕಾರಿಗೆ ಪುನಃ ತಾಗಿಸಬೇಡಿ. ಪಾತ್ರೆ ಸಾಬೂನು ಪಾತ್ರೆಗೆ ಇರಲಿ, ಜಿಡ್ಡು ತೆಗೆಯುವುದೇ ಅದರ ಜಾತಕ. ನೀವು ದುಡ್ಡು ಕೊಟ್ಟು ಹಾಕಿಸಿದ ವ್ಯಾಕ್ಸನ್ನೂ ಜಿಡ್ಡೆಂದೇ ತಿಳಿದು ತೆಗೆದುಬಿಡುತ್ತದೆ. ಇನ್ನು ಬಿಸಿಲಲ್ಲಿ ತೊಳೆಯಬಾರದು, ನೀರು ಅಲ್ಲಲ್ಲೇ ಒಣಗಿ ಬಿಳಿ ಬೊಟ್ಟು ಉಳಿಯುತ್ತದೆ. ತೊಳೆದದ್ದನ್ನು ಹಾಗೇ ಬಿಡದೆ ಒಣಬಟ್ಟೆಯಿಂದ ಒತ್ತಿ ಒರೆಸಿ.

ಪಂಪಿನ ವಿಷಯಕ್ಕೆ ಬರುವ. ನೀರು ಜೋರಾಗಿ ಬರ್ತದೆ, ಒಪ್ಪುವ. ಆದರೆ ಅದರೊಳಗೆ ಉಳಿದಿರುವುದೆಂತ? ಬೋರ್ಡೋ ದ್ರಾವಣ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಕೊಳೆರೋಗಕ್ಕೆ ಮದ್ದು ಬಿಡುವ ಮೊದಲು ಭಾವ ಹೊಳೆಯುವ ಕತ್ತಿಯನ್ನು ದ್ರಾವಣಕ್ಕೆ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಲೆಕ್ಕ. ಮೈಲುತುತ್ತು ಕಬ್ಬಿಣವನ್ನು ಏನು ಮಾಡುತ್ತದೆ ಎಂದು ಇಷ್ಟು ಚೆನ್ನಾಗಿ ಬಲ್ಲ ಮನುಷ್ಯ, ಆ ಪಂಪನ್ನು ಸರಿಯಾಗಿ ತೊಳೆಯದೆ ಲಕ್ಷಗಟ್ಟಲೆಯ ಕಾರಿಗೆ ತಿರುಗಿಸಿದರು! ಬಿಳಿ ಕಾರಿಗೆ ತೆಳು ನೀಲಿ ಚಿಕ್ಕೆ ಬಂತು. ತೋಟದ ಬದಿಯಲ್ಲಿ ಕಾರು ನಿಲ್ಲಿಸಿದ ದಿನ ಗಾಳಿ ಈಚೆ ಬೀಸಿದರೂ ಇದೇ ಕತೆ. ನೀರು ಬೆರೆಸಿದ ವಿನೆಗರಿನಲ್ಲಿ ಒರೆಸಿ ತಕ್ಷಣ ತೊಳೆದರೆ ಸುಣ್ಣ ಕರಗುತ್ತದೆ, ಚಿಕ್ಕೆ ಬಿಡುತ್ತದೆ.

ಮರದಡಿಯ ನೆರಳೂ ಪುಕ್ಕಟೆ ಅಲ್ಲ. ಹಲಸಿನ ಮೇಣ ಬಿದ್ದರೆ ಉಗುರಿನಿಂದ ಕೆರೆಯುವ ಬುದ್ಧಿ ಬೇಡ, ಕೈಗೆ ಹಚ್ಚುವ ತೆಂಗಿನೆಣ್ಣೆಯೇ ಸಾಕು, ನೆನೆಸಿ ಒರೆಸಿ ಶಾಂಪೂ ಹಾಕಿ. ಕಾಗೆ ಹಿಕ್ಕೆಯನ್ನು ಒಣಗಲು ಬಿಡಬೇಡಿ; ಅದರಲ್ಲಿ ಆಮ್ಲ ಉಂಟು, ಬಿಸಿಲಿಗೆ ಬಣ್ಣದೊಳಗೇ ಇಳಿಯುತ್ತದೆ. ಒದ್ದೆ ಬಟ್ಟೆ ಹಾಸಿ, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಡೀಸೆಲ್ ಹಚ್ಚಿ ಮಿಂಚಿಸುವ ವಿದ್ಯೆ ಗೊತ್ತಿದ್ದವರೂ ಇದ್ದಾರೆ. ಮಿಂಚುವುದು ಮನೆ ಗೇಟಿನವರೆಗೆ, ಆಮೇಲೆ ಊರಿನ ಧೂಳೆಲ್ಲ ಅಂಟಿಕೊಂಡು ಜತೆಗೇ ಬರುತ್ತದೆ.

ನೀರಿನ ಬಗ್ಗೆ ಭಾವನಿಗೆ ಬಹಳ ಹೆಮ್ಮೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಎಂದಾಗ ಅಲ್ಲಿರುವ ಮಗನಿಗೆ ಫೋನು ಮಾಡಿ, ‘ಕಾರು ಇಲ್ಲಿಗೆ ತಾ, ನಾನು ಮೀಯಿಸಿ ಕಳಿಸ್ತೇನೆ’ ಅಂದಿದ್ದರು. ಏಪ್ರಿಲ್ ಬಂತು, ನಮ್ಮ ಬಾವಿಯ ತಳವೂ ಕಂಡಿತು. ಆಗ ಎರಡು ಬಾಲ್ದಿಯ ಶಾಸ್ತ್ರ ಅವರಿಗೆ ತನ್ನಿಂತಾನೇ ಅರ್ಥವಾಯಿತು.

ಈಗ ಡಿಟೈಲಿಂಗ್ ಬಂದಿದೆ. ತೊಳೆದ ಮೇಲೆ ತೆಳು ಪ್ಲಾಸ್ಟಿಕ್ ಲಕೋಟೆಯೊಳಗೆ ಕೈ ಹಾಕಿ ಬಾನೆಟ್ಟು ಸವರಿ ನೋಡಿ. ತರಿತರಿ ಸಿಕ್ಕಿದರೆ ಅಂಟಿದ ಕೊಳೆ ಇನ್ನೂ ಉಂಟು, ಅದಕ್ಕೆ ಕ್ಲೇ ಎಂಬ ಜೇಡಿಯಂಥ ಉಂಡೆ. ಪಾಲಿಶ್ ಎಂದರೆ ಗೆರೆ ಹೋಗುವಷ್ಟು ಕ್ಲಿಯರ್ ಕೋಟನ್ನೇ ಸವೆಸುವುದು, ಹಾಗಾಗಿ ಹಬ್ಬಹಬ್ಬಕ್ಕೂ ಮಾಡಿಸುವಂಥದ್ದಲ್ಲ. ವ್ಯಾಕ್ಸ್ ಸವೆಸುವುದಿಲ್ಲ, ಮೇಲೆ ಹೊದಿಸುತ್ತದೆ. ಸೆರಾಮಿಕ್ ಕೋಟಿಂಗೂ ಹೊದಿಕೆಯೇ, ವ್ಯಾಕ್ಸಿಗಿಂತ ಗಟ್ಟಿ, ಹೆಚ್ಚು ಕಾಲ ಬಾಳುತ್ತದೆ. ಭಾವನನ್ನು ಪೇಟೆಯ ಒಂದು ಅಂಗಡಿಗೆ ಕರಕೊಂಡು ಹೋದೆ.

‘ಇದು ಹಾಕಿದರೆ ಕೆಸರು ಹಿಡಿಯುವುದಿಲ್ವಾ?’

‘ಹಿಡಿಯುತ್ತದೆ ಸರ್, ಬೇಗ ಬಿಡುತ್ತದೆ.’

‘ಮತ್ತೆ ತೊಳೆಯುವುದು?’

‘ತೊಳೀಬೇಕು ಸರ್.’

‘ಎಷ್ಟಾಗ್ತದೆ?’

ಹುಡುಗ ಹೇಳಿದ. ಭಾವ ಕಾರಿನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಹೊರಗೆ ಬಂದರು. ಅಲ್ಲಿಂದ ಸೀದಾ ಧರ್ಮಸ್ಥಳಕ್ಕೆ ಹೋಗಿ ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆ ಕಾರುಗಳ ಮ್ಯೂಸಿಯಂ ನೋಡಿದೆವು. ಅಜ್ಜನ ಕಾಲದ ಕಾರುಗಳು ಹೊಳೆಯುವುದನ್ನು ಕಂಡು ಭಾವ ಮೇಲೆ ನೋಡಿದರು. ‘ಗುಟ್ಟು ಗೊತ್ತಾಯ್ತು ಭಾವ, ಮಾಡು! ಆ ಕೋಟಿಂಗಿನ ದುಡ್ಡಿಗೆ ಒಂದು ಶೆಡ್ಡೇ ಆಗ್ತದಲ್ಲ.’

ಶೆಡ್ ಆಯಿತು, ಒಳ್ಳೆಯ ಶೀಟು ಹಾಕಿಸಿದರು. ಮಳೆಗೆ ಮೊದಲು ಅಕ್ಕ ಅದರಲ್ಲಿ ಸೌದೆ ಒಟ್ಟಿದಳು, ಆಮೇಲೆ ತೆಂಗಿನ ಮಡಲು, ಅದರಾಚೆ ಅಡಿಕೆ ಗೋಣಿ. ಕಾರು ಹಲಸಿನ ಮರದ ಬುಡದಲ್ಲಿ ಉಂಟು. ಶೀಟಿಗೆ ಧೂಳು ಕೂತಿದೆಯೆಂದು ಭಾವ ಈಗ ಭಾನುವಾರ ಶೆಡ್ ತೊಳೆಯುತ್ತಾರೆ.