ಲಂಡನ್–ಪ್ಯಾರಿಸ್ ವೈಮಾನಿಕಾಂತರ: ಒಂದು ತಾತ್ವಿಕ ಮುಖಾಮುಖಿ

ಪ್ರಸ್ತುತ ಮಹಾಪ್ರಬಂಧವು ಲಂಡನ್ ಮತ್ತು ಪ್ಯಾರಿಸ್ ನಡುವಿನ ಅಂತರವನ್ನು ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುವ ವಿನಮ್ರ ಪ್ರಯತ್ನವಾಗಿದೆ ಎಂಬುದನ್ನು ಗುರುತಿಸಬಹುದಾಗಿದೆ. (ಹೀಗೆ ಬರೆಯದಿದ್ದರೆ ಗೈಡು ಸಹಿ ಹಾಕುವುದಿಲ್ಲ.) ಅಂತರವು ಪಂಚವಿಧ.

ಮೊದಲನೆಯದು ಖೇಚರಾಂತರ. ಭೂಗೋಳದ ಮೈಮೇಲೆ ಅತಿ ಹತ್ತಿರದ ಗೆರೆ ಎಳೆದರೆ ಸುಮಾರು 344 ಕಿ.ಮೀ. ಆ ಗೆರೆ ಹಿಡಿದು ಯಾವ ವಿಮಾನವೂ ಹಾರುವುದಿಲ್ಲ. ಅದರ ಶಾಸ್ತ್ರಶುದ್ಧಿಗೆ ಇದೇ ಸಾಕ್ಷಿ.

ಎರಡನೆಯದು ಪಂಚಾಂಗಾಂತರ. ವೇಳಾಪಟ್ಟಿಯ ಪ್ರಕಾರ ಲಂಡನ್ನಿನ ಹೀಥ್ರೂನಿಂದ ಪ್ಯಾರಿಸ್ಸಿನ ಶಾರ್ಲ್ ದ ಗಾಲ್‌ಗೆ ಸುಮಾರು ಒಂದೂಕಾಲು ಗಂಟೆ. ಅದರಲ್ಲಿ ಹಾರಾಟ ಒಂದು ಗಂಟೆಯೂ ಇಲ್ಲ. ಉಳಿದದ್ದು ರನ್‌ವೇ ಸರದಿಗಾಗಿ ತೆವಳುವ ಹೊತ್ತು, ಜೊತೆಗೆ ತಡವಾದರೂ ತಡವಾಗಿಲ್ಲವೆಂದು ತೋರಿಸಲು ಕಂಪನಿಗಳು ಮೊದಲೇ ಬೆರೆಸಿಟ್ಟ ನಿಮಿಷಗಳು. ಪ್ಯಾರಿಸ್ಸಿನ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಟಿಕೆಟ್ಟು ನೋಡಿದರೆ ಹೋಗಲು ಎರಡೂಕಾಲು ಗಂಟೆ, ಬರಲು ಕಾಲು ಗಂಟೆ. ಇದನ್ನು ಕಾಲಪಲ್ಲಟಾತ್ಮಕ ಸ್ಥಿತ್ಯಂತರ ಎನ್ನತಕ್ಕದ್ದು. ಎನ್ನದಿದ್ದರೆ ವಿಚಾರ ಸಂಕಿರಣದ ಟಿಎ ಡಿಎ ಯಾರು ಕೊಡುತ್ತಾರೆ?

ಮೂರನೆಯದು ದ್ವಾರಾಂತರ. ವಿಮಾನ 'ತಲುಪಿತು' ಎನ್ನುವುದು ಯಾವಾಗ? ಪರಿಹಾರದ ವ್ಯಾಜ್ಯವೊಂದರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2014ರಲ್ಲಿ ಇದನ್ನು ತೀರ್ಮಾನಿಸಿತು: ಚಕ್ರ ನೆಲ ಮುಟ್ಟಿದಾಗ ಅಲ್ಲ, ಪ್ರಯಾಣಿಕರು ಇಳಿಯಲು ಒಂದಾದರೂ ಬಾಗಿಲು ತೆರೆದಾಗ. ಈ ಒಂದು ಮಾತು ನನ್ನ ಇಡೀ ಅಧ್ಯಾಯಕ್ಕಿಂತ ತಿಳಿಯಾಗಿರುವುದು ವಿಷಾದನೀಯ.

ನಾಲ್ಕು, ಐದನ್ನು ಬಿಟ್ಟೆ; ಅವುಗಳ ಬದಲು ಒಂದು ಹಳೆಯ ಲೆಕ್ಕ ಸಾಕು. 1919ರ ಆಗಸ್ಟ್ 25ರಂದು ಲಂಡನ್ ಬಳಿಯ ಹೌನ್‌ಸ್ಲೋ ಬಯಲಿನಿಂದ ಹೊರಟ ವಿಮಾನ ಸುಮಾರು ಎರಡೂವರೆ ಗಂಟೆಯಲ್ಲಿ ಪ್ಯಾರಿಸ್ಸಿನ ಲ ಬೂರ್ಜೆಯಲ್ಲಿ ಇಳಿದಿತ್ತು. ಇಂದು ಊರೊಳಗಿನಿಂದ ಊರೊಳಕ್ಕೆ ವಿಮಾನದಲ್ಲಿ ಹೋಗುವವರು ತಪಾಸಣೆ, ಸಾಲು, ಬಸ್ಸು ಎಲ್ಲ ಮುಗಿಸುವಷ್ಟರಲ್ಲಿ ಅದಕ್ಕಿಂತ ಹೆಚ್ಚು ಹೊತ್ತಾಗಿರುತ್ತದೆ. ಸಮುದ್ರದಡಿಯ ರೈಲು ಎರಡೂಕಾಲು ಗಂಟೆಯ ಆಸುಪಾಸಿನಲ್ಲಿ ಪ್ಯಾರಿಸ್ಸಿನ ಗಾರ್ ದ್ಯು ನಾರ್ ನಿಲ್ದಾಣ ಮುಟ್ಟಿಸುತ್ತದೆ. ಇದನ್ನು ಹೇಳಲು ಪಿಎಚ್.ಡಿ. ಬೇಕಿಲ್ಲ.

ಬೇಕಿದ್ದದ್ದು ಬೇರೆ. ಈ ಲೆಕ್ಕಗಳಲ್ಲೆಲ್ಲ ವಿಮಾನವಿದೆ, ಮನುಷ್ಯನೇ ಇಲ್ಲ. ಲಂಡನ್ನಿನಲ್ಲಿ ಓದುವ ಧಾರವಾಡದ ಹುಡುಗಿಗೆ ಪ್ಯಾರಿಸ್ 344 ಕಿ.ಮೀ. ದೂರದಲ್ಲಿಲ್ಲ. ಫ್ರಾನ್ಸಿಗೆ ಹೋಗಲು ಬೇಕಾದ ಷೆಂಗೆನ್ ವೀಸಾದ ಅಪಾಯಿಂಟ್‌ಮೆಂಟಿಗೆ ಕಾಯಬೇಕು, ಬ್ಯಾಂಕಿನ ಲೆಕ್ಕ ತೋರಿಸಬೇಕು, ಬೆರಳಚ್ಚು ಕೊಡಬೇಕು, 90 ಯೂರೋ ಕಟ್ಟಬೇಕು, ತಿರುಗಿ ಬಂದೇ ಬರುತ್ತೇನೆಂದು ನಂಬಿಸಬೇಕು. ಪಕ್ಕದ ಕೋಣೆಯ ಬ್ರಿಟಿಷ್ ಹುಡುಗಿ ಶುಕ್ರವಾರ ಸಂಜೆ ಮನಸ್ಸಾದರೆ ಹೊರಟೇಬಿಡುತ್ತಾಳೆ. ವಿಮಾನ ಅದೇ, ಸೀಟಿನ ಸಾಲೂ ಅದೇ ಇರಬಹುದು. ಇದಕ್ಕೆ ಯಾವ ಸೈದ್ಧಾಂತಿಕ ಚೌಕಟ್ಟು ಬೇಕು, ಸ್ವಾಮಿ?

ವೀಸಾ ಕೇಳುವ ಸ್ಥಿತಿಯಲ್ಲೂ ಇಲ್ಲದವರಿದ್ದಾರೆ. ಈ ವಿಮಾನಗಳು ದಾಟುವ ಇಂಗ್ಲಿಷ್ ಕಾಲುವೆಯ ಅತಿ ಕಿರಿದಾದ ಭಾಗದ ಅಗಲ ಸುಮಾರು 33 ಕಿ.ಮೀ. 2021ರ ನವೆಂಬರ್ 24ರಂದು ಗಾಳಿ ತುಂಬಿದ ದೋಣಿಯೊಂದು ಅಲ್ಲಿ ಮುಳುಗಿ ಕನಿಷ್ಠ 27 ಜನ ಸತ್ತರು. ಮುಳುಗುವ ಮುಂಚೆ ಅವರು ಕತ್ತಲಲ್ಲಿ ಎರಡೂ ದೇಶಗಳಿಗೆ ಫೋನ್ ಮಾಡಿ ಕಾಪಾಡಿ ಎಂದು ಅಂಗಲಾಚಿದ್ದರು. ನೀವೀಗ ಇಂಗ್ಲಿಷರ ನೀರಿನಲ್ಲಿದ್ದೀರಿ ಎಂದು ಫ್ರಾನ್ಸಿನ ಕಡೆಯಿಂದ ಉತ್ತರ ಬಂತು.