ನಾನು ಇರಲಿಲ್ಲ, ಆದರೆ ದಾಖಲೆಯಲ್ಲಿದ್ದೆ

ಗೂಗಲ್ ಅರ್ತ್ ಬಂದದ್ದು 2005ರಲ್ಲಿ. ಅಂದಿನಿಂದ ಕುರ್ಚಿ ಬಿಟ್ಟೇಳದ ಅನ್ವೇಷಕರ ಒಂದು ಹೊಸ ಕುಲವೇ ಹುಟ್ಟಿಕೊಂಡಿದೆ. ಇವರಿಗೆ ಹಡಗು ಬೇಡ, ಒಂಟೆ ಬೇಡ, ಮಲೇರಿಯಾ ಮಾತ್ರೆಯೂ ಬೇಡ. ಡೇಟಾ ಪ್ಯಾಕ್ ಇದ್ದರೆ ಸಾಕು. ಕಣಿವೆಯಲ್ಲಿ ಮುಖ ಕಂಡವರು, ಮರಳುಗಾಡಿನಲ್ಲಿ ಉಲ್ಕೆಯ ಕುಳಿ ಕಂಡವರು ಎಲ್ಲರ ಕಥೆಯೂ ಪತ್ರಿಕೆಗಳಲ್ಲಿ ಬಂದಾಗಿದೆ. ಕಾಣಿಸಿಕೊಂಡವರನ್ನು ಮಾತ್ರ ಯಾರೂ ಮಾತಾಡಿಸಿಲ್ಲ. ಅದರಲ್ಲೂ, ಗೂಗಲ್ ನಕ್ಷೆಯಲ್ಲಿ ವರ್ಷಗಟ್ಟಲೆ ಕಾಣಿಸಿಕೊಂಡು, ಕೊನೆಗೆ ಅಲ್ಲಿ ಇಲ್ಲವೇ ಇಲ್ಲ ಎಂದು ಪತ್ತೆಯಾದ ಸ್ಯಾಂಡಿ ದ್ವೀಪವನ್ನಂತೂ ಕೇಳುವವರೇ ಇಲ್ಲ. ಸಂದರ್ಶನಕ್ಕೆ ಸಮಯ ಕೇಳಿದೆ. ‘ಯಾವಾಗ ಬೇಕಾದರೂ ಬನ್ನಿ, ಎಲ್ಲಿಗೆ ಅಂತ ಮಾತ್ರ ಕೇಳಬೇಡಿ’ ಎಂದಿತು.

ನಾನು: ನಮಸ್ಕಾರ. ಓದುಗರಿಗೆ ಒಂದು ಪರಿಚಯ?

ದ್ವೀಪ: ಹೆಸರು ಸ್ಯಾಂಡಿ. ಊರು ಕೋರಲ್ ಸಮುದ್ರ. ಆಸ್ಟ್ರೇಲಿಯಾದಿಂದ ಪೂರ್ವಕ್ಕೆ, ನ್ಯೂ ಕ್ಯಾಲೆಡೋನಿಯಾ ಮುಟ್ಟುವ ಮೊದಲು. ಉದ್ದ ಸುಮಾರು 24 ಕಿಲೋಮೀಟರ್, ಅಗಲ ಐದು. ಜನಸಂಖ್ಯೆ ಸೊನ್ನೆ. ವಿಸ್ತೀರ್ಣವೂ ಸೊನ್ನೆ ಅಂತ ಆಮೇಲೆ ತಿಳಿಯಿತು.

ನಾನು: ಹುಟ್ಟಿದ ವರ್ಷ?

ದ್ವೀಪ: ಯಾವುದು ಬೇಕು, ನಿಜದ್ದೋ ಶಾಲೆಯಲ್ಲಿ ಬರೆಸಿದ್ದೋ? ನಿಜದ್ದು ಇಲ್ಲ. ಬರೆಸಿದ್ದು 1876. ವೆಲಾಸಿಟಿ ಅಂತ ಒಂದು ತಿಮಿಂಗಿಲ ಬೇಟೆಯ ಹಡಗು ಆ ಕಡೆ ಹಾದುಹೋಗುವಾಗ ಮರಳಿನ ದ್ವೀಪ ಕಂಡೆವು ಅಂತ ವರದಿ ಕೊಟ್ಟಿತು. ಇಳಿದು ನೋಡಲಿಲ್ಲ, ಒಂದು ಹಿಡಿ ಮರಳು ತರಲಿಲ್ಲ. ಅವರು ಕಂಡದ್ದೇನು ಅಂತ ನನಗೂ ಕುತೂಹಲವಿದೆ. ಈಗಿನ ವಿಜ್ಞಾನಿಗಳ ಒಂದು ಊಹೆ ಪ್ಯೂಮಿಸ್ ಕಲ್ಲಿನದು. ಸಮುದ್ರದಡಿಯ ಜ್ವಾಲಾಮುಖಿ ಉಗುಳಿದ, ಮೈತುಂಬ ತೂತಿರುವ ಹಗುರ ಕಲ್ಲು. ಬಚ್ಚಲಲ್ಲಿ ನೀವು ಹಿಮ್ಮಡಿ ಉಜ್ಜಿಕೊಳ್ಳುತ್ತೀರಲ್ಲ, ಅದೇ ಜಾತಿ. ಟೋಂಗಾ ಕಡೆ ಸ್ಫೋಟವಾದರೆ ಕಿಲೋಮೀಟರುಗಟ್ಟಲೆ ಚಾಪೆಯಾಗಿ ಪಶ್ಚಿಮಕ್ಕೆ ತೇಲಿಕೊಂಡು ಬರುತ್ತದೆ. ದೂರದಿಂದ ಥೇಟ್ ಮರಳ ದಂಡೆ.

ನಾನು: ತೇಲುವ ಕಲ್ಲು ಅಂದರೆ ನಮ್ಮವರು ರಾಮೇಶ್ವರಕ್ಕೇ ಹೋಗಿಬಿಡುತ್ತಾರೆ, ಮುಂದೆ ಹೇಳಿ.

ದ್ವೀಪ: ಅಲ್ಲಿ ಸೇತುವೆ ಕಟ್ಟಿದರು, ಇಲ್ಲಿ ನನ್ನನ್ನು. 1908ರ ಬ್ರಿಟಿಷ್ ಅಡ್ಮಿರಾಲ್ಟಿ ನಕ್ಷೆಯಲ್ಲಿ ನನ್ನ ಹೆಸರು ಕೂತಿತು. ಅಲ್ಲಿಂದ ಮುಂದೆ ಯಾರೂ ಕೇಳಲಿಲ್ಲ. ಪಡಿತರ ಚೀಟಿಗೆ ಒಮ್ಮೆ ಹೆಸರು ಸೇರಿದವನು ಸತ್ತ ಮೇಲೂ ಅಕ್ಕಿ ಪಡೆಯುತ್ತಾನಲ್ಲ, ಹಾಗೆ.

ನಾನು: ಅಷ್ಟು ವರ್ಷ ಹಡಗುಗಳು ಓಡಾಡಿವೆ. ಅನುಮಾನ ಬಂದವರು ಅಳಿಸಬಹುದಿತ್ತಲ್ಲ?

ದ್ವೀಪ: ನಕ್ಷೆ ಮಾಡುವವನ ಕಷ್ಟ ನಿಮಗೆ ಗೊತ್ತಿಲ್ಲ. ಇಲ್ಲದ ದ್ವೀಪ ನಕ್ಷೆಯಲ್ಲಿದ್ದರೆ ಹಡಗು ಸುತ್ತಿ ಹೋಗುತ್ತದೆ, ಒಂದಿಷ್ಟು ಕಲ್ಲಿದ್ದಲು ದಂಡ. ಇದ್ದ ದ್ವೀಪ ನಕ್ಷೆಯಲ್ಲಿ ಇಲ್ಲದಿದ್ದರೆ ಹಡಗೇ ಇರುವುದಿಲ್ಲ. ನಾನು ‘ಕಾಣಿಸಿಕೊಳ್ಳುವ’ ಹಿಂದಿನ ವರ್ಷ, 1875ರಲ್ಲಿ, ಬ್ರಿಟಿಷ್ ನೌಕಾಪಡೆಯ ಅಧಿಕಾರಿಯೊಬ್ಬರು ಬೇಸತ್ತು ಪೆಸಿಫಿಕ್ ನಕ್ಷೆಯಿಂದ 123 ದ್ವೀಪಗಳನ್ನು ಒಟ್ಟಿಗೇ ಹೊಡೆದುಹಾಕಿದರು. ಅದರಲ್ಲಿ ಮೂರು ನಿಜವಾಗಿ ಇದ್ದವು! ಅಂಥ ಅನುಭವವಾದ ಮೇಲೆ ಅಳಿಸುವ ರಬ್ಬರನ್ನು ಯಾರು ಮುಟ್ಟುತ್ತಾರೆ? ನಕ್ಷೆಯವರು ಒಂದು ಉಪಾಯ ಮಾಡಿಕೊಂಡಿದ್ದಾರೆ. ಅನುಮಾನ ಇರುವ ಜಾಗದ ಪಕ್ಕ ಚಿಕ್ಕದಾಗಿ ‘ಇ.ಡಿ.’ ಅಂತ ಬರೆಯುತ್ತಾರೆ. ‘ಎಕ್ಸಿಸ್ಟೆನ್ಸ್ ಡೌಟ್‌ಫುಲ್’, ಇರುವುದೇ ಅನುಮಾನ ಎಂದು ಅದರ ಅರ್ಥ.

ನಾನು: ನಮ್ಮಲ್ಲಿ ಇ.ಡಿ. ಬಂದರೆ ಇದ್ದ ಆಸ್ತಿಯನ್ನೇ ನಮ್ಮದಲ್ಲ ಅನ್ನುತ್ತಾರೆ.

ದ್ವೀಪ: ನೀವು ಬೇಕಾದರೆ ಅಚ್ಚು ಹಾಕಿ, ನಾನು ಹೇಳಿದ್ದಲ್ಲ.

ನಾನು: ಆಗಲಿ. ಕಾಗದದ ನಕ್ಷೆ ಸರಿ. ಆದರೆ ಉಪಗ್ರಹ? ಮೇಲಿಂದ ನೋಡುವ ಕಣ್ಣಿಗೆ ನೀವು ಹೇಗೆ ಮಣ್ಣೆರಚಿದಿರಿ?

ದ್ವೀಪ: ಎರಚೋಕೆ ನನ್ನ ಹತ್ತಿರ ಮಣ್ಣೆಲ್ಲಿತ್ತು ಸ್ವಾಮಿ? ಉಪಗ್ರಹ ನನ್ನನ್ನು ನೋಡಲೇ ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಬರೆಯಿರಿ, ಎಲ್ಲರೂ ಇಲ್ಲೇ ಎಡವುವುದು. ನೀವು ಪರದೆಯ ಮೇಲೆ ನೋಡುವ ಭೂಮಿ ಒಂದು ಫೋಟೋ ಅಲ್ಲ, ನೂರಾರು ಪದರ ಹೊಲಿದ ಕೌದಿ. ಊರಿನ ಮೇಲೆ ವಿಮಾನದ ಚಿತ್ರ, ಕಾಡಿನ ಮೇಲೆ ಉಪಗ್ರಹದ ಚಿತ್ರ, ನಡುಸಮುದ್ರದಲ್ಲಿ ಚಿತ್ರವೇ ಇಲ್ಲ. ಆಳದ ಲೆಕ್ಕ ಹಿಡಿದು ಬಳಿದ ನೀಲಿ ಬಣ್ಣ. ಇದು ನೆಲ, ಇದು ನೀರು ಅಂತ ಕಂಪ್ಯೂಟರಿಗೆ ಹೇಳಲು ಕರಾವಳಿಯ ಗೆರೆ ಬೇಕಲ್ಲ? ಆ ಗೆರೆಗಳ ದೊಡ್ಡ ಸಂಗ್ರಹವೊಂದನ್ನು ಅಮೆರಿಕದ ಸೇನೆಯವರು ತಯಾರಿಸಿದ್ದರು, ಅದಕ್ಕೆ ಒಂದಿಷ್ಟನ್ನು ಹಳೆಯ ಕಾಗದದ ನಕ್ಷೆಗಳಿಂದಲೇ ಎತ್ತಿಕೊಂಡಿದ್ದರು. ನಾನೂ ಆ ಗುಂಪಿನಲ್ಲಿ ನುಸುಳಿದೆ. ಗೆರೆಗೆ ಅನುಮಾನ ಬರೆಯಲು ಜಾಗವಿಲ್ಲ ನೋಡಿ. ಕಾಗದದಲ್ಲಿ ‘ವರದಿಯಾಗಿದೆ’, ‘ಅನುಮಾನವಿದೆ’ ಅಂತ ಮೂಲೆಯಲ್ಲಿ ಗೀಚುವ ಪದ್ಧತಿಯಾದರೂ ಇತ್ತು. ಕಂಪ್ಯೂಟರಿನಲ್ಲಿ ಒಂದೋ ನೆಲ, ಇಲ್ಲವೋ ನೀರು. ನನ್ನನ್ನು ನೆಲ ಮಾಡಿದರು. ಆಮೇಲೆ ಆ ಸಂಗ್ರಹವನ್ನು ನಂಬಿ ಹವಾಮಾನದ ನಕ್ಷೆ, ವಿಜ್ಞಾನಿಗಳ ದತ್ತಾಂಶ, ಕೊನೆಗೆ ಗೂಗಲ್. ನೆಲ ಅಂತ ಗುರುತು ಹಾಕಿದ ಜಾಗಕ್ಕೆ ಫೋಟೋ ಹುಡುಕಿದರೆ ಫೋಟೋ ಇಲ್ಲ! ಹಾಗಾಗಿ ನಾನು ನೀಲಿ ಕಡಲಿನ ನಡುವೆ ಒಂದು ಕಪ್ಪು ಮಚ್ಚೆಯಾಗಿ ಕೂತೆ.

ನಾನು: ಕಪ್ಪು ಮಚ್ಚೆ ನೋಡಿದ ಜನ ಸುಮ್ಮನಿದ್ದರೇ?

ದ್ವೀಪ: ರಹಸ್ಯ ಸೇನಾ ನೆಲೆ, ಸರ್ಕಾರ ಬಚ್ಚಿಟ್ಟಿದೆ, ಇತ್ಯಾದಿ. ಖಾಲಿ ಜಾಗ ಕಂಡರೆ ಮನುಷ್ಯ ಸೈಟ್ ಹಾಕುತ್ತಾನೆ, ಇಲ್ಲವೇ ಕಥೆ ಕಟ್ಟುತ್ತಾನೆ. ‘ಏನೂ ಇಲ್ಲದೆ ಇರಬಹುದು’ ಅನ್ನುವುದು ಮಾತ್ರ ಯಾರ ತಲೆಗೂ ಹೊಳೆಯುವುದಿಲ್ಲ.

ನಾನು: ಸಿಕ್ಕಿಬಿದ್ದದ್ದು ಹೇಗೆ?

ದ್ವೀಪ: 2012ರ ನವೆಂಬರ್. ಆಸ್ಟ್ರೇಲಿಯಾದ ಸದರ್ನ್ ಸರ್ವೇಯರ್ ಎಂಬ ಸಂಶೋಧನಾ ಹಡಗು, ಸಿಡ್ನಿ ವಿಶ್ವವಿದ್ಯಾಲಯದ ಭೂವಿಜ್ಞಾನಿಗಳು. ಅವರ ಒಂದು ನಕ್ಷೆಯಲ್ಲಿ ನಾನಿದ್ದೇನೆ, ಇನ್ನೊಂದರಲ್ಲಿ ಅದೇ ಜಾಗದಲ್ಲಿ 1,400 ಮೀಟರ್ ನೀರು. ಇಂಥ ಹೊತ್ತಿನಲ್ಲಿ ಸಾಮಾನ್ಯರು ಏನು ಮಾಡುತ್ತಾರೆ? ತಮಗೆ ಅನುಕೂಲವಾದ ನಕ್ಷೆ ನಂಬುತ್ತಾರೆ. ಈ ಪುಣ್ಯಾತ್ಮರು ಹಡಗು ತಿರುಗಿಸಿಕೊಂಡು ಬಂದೇಬಿಟ್ಟರು. ಮೆಲ್ಲಗೆ, ಎಲ್ಲಿ ತಳ ತಾಗುತ್ತದೋ ಅಂತ ಆಳ ಅಳೆಯುತ್ತಾ. 1,300 ಮೀಟರಿಗಿಂತ ಕಡಿಮೆ ಆಳ ಎಲ್ಲೂ ಸಿಗಲಿಲ್ಲ. ನನ್ನ ಎದೆಯ ಮೇಲೇ ಹಡಗು ಹಾಯಿತು, ನನಗೆ ಒಂದು ಕಚಗುಳಿಯೂ ಆಗಲಿಲ್ಲ. ಸುದ್ದಿ ಹೊರಬಿದ್ದ ಕೆಲವೇ ದಿನದಲ್ಲಿ ಗೂಗಲ್ ನನ್ನನ್ನು ಒರೆಸಿತು.

ನಾನು: ಅದಕ್ಕೆ ಮೊದಲು ಯಾರಿಗೂ ಗೊತ್ತಿರಲಿಲ್ಲವೇ?

ದ್ವೀಪ: ಗೊತ್ತಿಲ್ಲದೆ ಏನು! ಫ್ರಾನ್ಸಿನ ಜಲನಕ್ಷೆ ಇಲಾಖೆ 1970ರ ದಶಕದಲ್ಲೇ ನನ್ನ ಹೆಸರು ಕಿತ್ತಿತ್ತು. 2000ದಲ್ಲಿ ಹ್ಯಾಮ್ ರೇಡಿಯೋ ಹವ್ಯಾಸಿಗಳು ಪಕ್ಕದ ಚೆಸ್ಟರ್‌ಫೀಲ್ಡ್ ದ್ವೀಪಗಳಿಗೆ ಹೋಗುತ್ತಾ, ಇಲ್ಲಿ ಏನೂ ಇಲ್ಲವಲ್ಲ ಅಂತ ಗಮನಿಸಿದ್ದರು. ಒಂದು ಇಲಾಖೆ ತಿದ್ದಿದ್ದು ಇನ್ನೊಂದು ಇಲಾಖೆಗೆ ತಲುಪುವುದಿಲ್ಲ ಅನ್ನುವುದು ನಿಮ್ಮೂರಿನ ಸೊತ್ತು ಮಾತ್ರ ಅಂದುಕೊಂಡಿದ್ದಿರಾ?

ನಾನು: ಬೇಸರವಾಯಿತೇ?

ದ್ವೀಪ: ಗೌರವದಿಂದ ಕಳಿಸಿಕೊಟ್ಟರು. ಅದೇ ವಿಜ್ಞಾನಿಗಳು ಮರುವರ್ಷ ‘ಈಯಾಸ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ನನಗೆ ನಿಧನವಾರ್ತೆ ಬರೆದರು. ಸ್ಯಾಂಡಿ ದ್ವೀಪ, 1876–2012 ಅಂತ. ಹುಟ್ಟದೇ ಇದ್ದವನಿಗೆ ಶ್ರದ್ಧಾಂಜಲಿ ಸಿಗುವುದು ಸಣ್ಣ ಭಾಗ್ಯವೇ?

ನಾನು: ಕೆನಡಾದಲ್ಲಿ ನಿಮ್ಮ ಸಹೋದ್ಯೋಗಿ ಒಬ್ಬರಿದ್ದಾರಲ್ಲ, ಬ್ಯಾಡ್‌ಲ್ಯಾಂಡ್ಸ್ ಗಾರ್ಡಿಯನ್? ಮೆಡಿಸಿನ್ ಹ್ಯಾಟ್ ಊರಿನ ಹತ್ತಿರ, ಗರಿಯ ಕಿರೀಟ ತೊಟ್ಟ ಮೂಲನಿವಾಸಿಯ ಮುಖ. 2006ರಲ್ಲಿ ಗೂಗಲ್ ಅರ್ತ್‌ನಲ್ಲಿ ಕಂಡದ್ದೇ ತಡ, ಲೋಕಪ್ರಸಿದ್ಧ.

ದ್ವೀಪ: (ಹೊಟ್ಟೆಕಿಚ್ಚಿನಿಂದ) ಕಿವಿಗೆ ಇಯರ್‌ಫೋನ್ ಬೇರೆ ಹಾಕಿಕೊಂಡಿದೆ! ಅದು ತೈಲಬಾವಿ, ಅದಕ್ಕೆ ಹೋಗುವ ರಸ್ತೆ. ಮುಖವೂ ಮುಖವಲ್ಲ, ಮಳೆ ಗಾಳಿ ಜೇಡಿಮಣ್ಣನ್ನು ಕೊರೆದ ತಗ್ಗು. ಬೆಳಕು ಯಾವಾಗಲೂ ಮೇಲಿಂದ ಬೀಳುತ್ತದೆ ಅನ್ನುವುದು ನಿಮ್ಮ ಕಣ್ಣಿನ ಹಳೇ ಚಾಳಿ. ಉತ್ತರದ ದೇಶಗಳಲ್ಲಿ ಸೂರ್ಯ ದಕ್ಷಿಣಕ್ಕೆ, ಅಂದರೆ ಚಿತ್ರದ ಕೆಳಗಡೆಗೆ ಇರುತ್ತಾನೆ. ಅದಕ್ಕೇ ಹಳ್ಳ ಗುಡ್ಡವಾಗಿ, ಗುಡ್ಡ ಹಳ್ಳವಾಗಿ ಕಾಣುವುದು. ಮೊಬೈಲನ್ನು ತಲೆಕೆಳಗು ಹಿಡಿದು ನೋಡಿ, ಮಹಾಶಯರ ಮೂಗು ಒಳಗೆ ಹೋಗುತ್ತದೆ. ಆದರೂ ಒಪ್ಪಬೇಕು, ಅಲ್ಲಿ ಮಣ್ಣಾದರೂ ಇದೆ.

ನಾನು: ಹಾಗಾದರೆ ಉಪಗ್ರಹ ಚಿತ್ರ ನೋಡಿ ಏನನ್ನೂ ಕಂಡುಹಿಡಿಯುವುದೇ ಬೇಡವೇ?

ದ್ವೀಪ: ನಾನೆಲ್ಲಿ ಹಾಗಂದೆ? ಈಜಿಪ್ಟಿನ ಕಮಿಲ್ ಕುಳಿಯನ್ನು 2008ರಲ್ಲಿ ಇಟಲಿಯವರೊಬ್ಬರು ಗೂಗಲ್ ಅರ್ತ್‌ನಲ್ಲೇ ಕಂಡದ್ದು. ಬರೀ 45 ಮೀಟರ್ ಅಗಲ. ಅಲ್ಲಿಗೆ ತಂಡ ಹೋಗಿ ಕಬ್ಬಿಣದ ಉಲ್ಕೆಯ ಚೂರುಗಳನ್ನು ಸಾವಿರಗಟ್ಟಲೆ ಆಯ್ದು ತಂದ ಮೇಲೆ ಉಲ್ಕಾಕುಳಿ ಅನ್ನಿಸಿಕೊಂಡಿತು. ನಿಮ್ಮ ದೇಶದ ಸರೂ ಬ್ರಿಯರ್ಲಿಯನ್ನೇ ತೆಗೆದುಕೊಳ್ಳಿ. ಐದು ವರ್ಷದ ಹುಡುಗ ರೈಲಿನಲ್ಲಿ ತಪ್ಪಿಸಿಕೊಂಡು ಕೋಲ್ಕತಾ ಸೇರಿ, ಅಲ್ಲಿಂದ ಆಸ್ಟ್ರೇಲಿಯಾಕ್ಕೆ ದತ್ತು ಹೋದವನು. ದೊಡ್ಡವನಾದ ಮೇಲೆ ರೈಲು ಹಳಿಗಳ ಜಾಡು ಹಿಡಿದು ರಾತ್ರಿಯೆಲ್ಲ ಪರದೆ ಕೆದಕಿ, ಸ್ಟೇಷನ್ ಪಕ್ಕದ ಒಂದು ನೀರಿನ ಟ್ಯಾಂಕು ಗುರುತು ಹಿಡಿದ. ಯಾರ ಕಣ್ಣಿಗೂ ಬೀಳದ ಟ್ಯಾಂಕು ಅದು! ಅದರಿಂದ ಅವನ ಊರು ಖಂಡ್ವಾ ಸಿಕ್ಕಿತು. ಆದರೆ ಅವನು ಸ್ಕ್ರೀನ್‌ಶಾಟ್ ಹಾಕಿ ಲೈಕ್ ಎಣಿಸುತ್ತಾ ಕೂರಲಿಲ್ಲ. ವಿಮಾನ ಹತ್ತಿ ಹೋಗಿ ತಾಯಿಯ ಮುಂದೆ ನಿಂತ.

ನಾನು: ಕೊನೆಯ ಪ್ರಶ್ನೆ. ನಿಮ್ಮನ್ನು ಬೆಂಗಳೂರಿಗೆ ಕರೆಸಿ ಸನ್ಮಾನ ಮಾಡಬೇಕೆಂಬ ಯೋಚನೆ ಇದೆ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಶಾಮಿಯಾನ ಹಾಕಿಸೋಣವೇ?

ದ್ವೀಪ: ಆ ಬಸ್‌ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಲ್ಲಿ ಅಲ್ಲವೇ? ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಅಲ್ಲಿಗೆ ಬರಲು ನನಗೆ ಸಂಕೋಚ. ನಾನು ಇಲ್ಲದೆಯೇ ನೂರಕ್ಕೂ ಹೆಚ್ಚು ವರ್ಷ ನಕ್ಷೆಯಲ್ಲಿ ಮೆರೆದವನು. ಆ ಕೆರೆಗಳು ಊರಿಗೆಲ್ಲ ನೀರು ಕೊಟ್ಟು, ಇದ್ದೂ ಇಲ್ಲದಂತಾದವು. ಅವುಗಳಿಗೆ ಯಾರು ನಿಧನವಾರ್ತೆ ಬರೆದರು? ಕಡಲಲ್ಲಿ ಇಲ್ಲದ ನೆಲ ಹುಟ್ಟಿಸುವುದು ಒಂದು ಹಡಗಿನ ಕಣ್ತಪ್ಪು. ನೀರಿದ್ದಲ್ಲಿ ನೆಲ ಹುಟ್ಟಿಸುವುದಕ್ಕೆ ಕಣ್ತಪ್ಪು ಸಾಲದು, ಸಹಿ ಬೇಕು, ಮೊಹರು ಬೇಕು. ಸನ್ಮಾನ ಬೇಡ, ಒಂದು ಕೆಲಸ ಮಾಡಿ. ಗೂಗಲ್ ಅರ್ತ್‌ನಲ್ಲಿ ಹಿಂದಿನ ವರ್ಷಗಳ ಚಿತ್ರ ನೋಡುವ ಸೌಲಭ್ಯವಿದೆ. ನಿಮ್ಮ ಕಂದಾಯ ಇಲಾಖೆಗೆಂದು ಮಾಡಿದ ದಿಶಾಂಕ್ ಆ್ಯಪ್, ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಮುಖ, ನಕ್ಷತ್ರ, ಹಾರುವ ತಟ್ಟೆ ಹುಡುಕುವ ಉತ್ಸಾಹ ಇರುವವರು ಮೊದಲು ತಮ್ಮ ಊರಿನ ಕೆರೆಯನ್ನು ಇವೆರಡರಲ್ಲೂ ಹುಡುಕಲಿ. ಮನೆಯಲ್ಲಿ ಕೂತಲ್ಲ, ಏರಿಯ ಮೇಲೆ ಹೋಗಿ ನಿಂತು.