ಹಡ್ಸನ್ನಿನ ಬಲೂನು ಹಬ್ಬಕ್ಕೆ ಹೊರಡುವ ವಿಧಾನ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಅಂಚಿನಲ್ಲಿ, ಸೇಂಟ್ ಕ್ರಾಯ್ ನದಿಯ ದಂಡೆಯಲ್ಲಿ ಹಡ್ಸನ್ ಎಂಬ ಸಣ್ಣ ಊರಿದೆ. ನಡುಚಳಿಗಾಲದಲ್ಲಿ, ಫೆಬ್ರವರಿಯ ಆಸುಪಾಸಿನ ಒಂದು ವಾರಾಂತ್ಯ, ಇಲ್ಲಿ ಬಿಸಿಗಾಳಿ ಬಲೂನುಗಳ ಹಬ್ಬ ನಡೆಯುತ್ತದೆ. 'ಹಾಟ್ ಏರ್ ಅಫೇರ್' ಎಂಬ ಈ ಹಬ್ಬಕ್ಕೆ ಮೂರು ದಶಕ ದಾಟಿದೆ. ನದಿಯಾಚೆ ಮಿನ್ನೆಸೋಟದ ಅವಳಿ ನಗರಗಳಾದ ಮಿನ್ನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಇವೆ; ಅಲ್ಲಿನ ಕನ್ನಡ ಕುಟುಂಬಗಳಿಗೆ ಹಡ್ಸನ್ ಅರ್ಧ-ಮುಕ್ಕಾಲು ಗಂಟೆಯ ದಾರಿ. ಹೊರಡಲು ಹಿಡಿಯುವ ಸಮಯ ಈ ಲೆಕ್ಕದಲ್ಲಿ ಸೇರಿಲ್ಲ.

ಇಂಥ ಕುಟುಂಬದಲ್ಲಿ ಗಂಡ, ಹೆಂಡತಿ, ಮಕ್ಕಳ ಜೊತೆಗೆ ಊರಿನಿಂದ ಬಂದ ಅಜ್ಜಿ ತಾತ ಇರುವುದುಂಟು. ಹಿರಿಯರು ಅಮೆರಿಕಕ್ಕೆ ಬೇಸಿಗೆಯಲ್ಲಿ ಬರುವುದೇ ವಾಡಿಕೆ. ಚಳಿಗಾಲದಲ್ಲಿ ಸಿಕ್ಕಿಬಿದ್ದವರು ಬಾಣಂತನಕ್ಕೆ ಬಂದವರು. ಆ ತಾರೀಖು ಅವರು ಗೊತ್ತುಮಾಡಿದ್ದಲ್ಲ. ಹಿಂದಿನ ರಾತ್ರಿ ಹವಾಮಾನ ವರದಿಯಲ್ಲಿ '10 ಡಿಗ್ರಿ' ಎಂದು ಕೇಳಿದ ತಾತ, 'ಮಡಿಕೇರಿ ಚಳಿ ಅಷ್ಟೇ ತಾನೆ' ಎಂದು ನಿಶ್ಚಿಂತೆಯಿಂದ ಮಲಗುತ್ತಾರೆ. ಅದು ಫ್ಯಾರನ್‌ಹೀಟ್, ಸೆಲ್ಸಿಯಸ್‌ಗೆ ತಿರುಗಿಸಿದರೆ ಮೈನಸ್ 12. ಮಗ ಈ ವಿಷಯ ಬಾಯಿಬಿಡುವುದು ಕಾರು ಹೆದ್ದಾರಿ ಸೇರಿದ ಮೇಲೆ.

ಬಲೂನಿಗೂ ಕುಟುಂಬಕ್ಕೂ ಹೊಂದದಿರುವುದು ಹೊತ್ತಿನ ವಿಷಯದಲ್ಲಿ. ಬಿಸಿಲೇರಿ ನೆಲ ಕಾದರೆ ಗಾಳಿ ಕದಡುತ್ತದೆ. ಹಾಗಾಗಿ ಬಲೂನುಗಳು ಸೂರ್ಯ ಹುಟ್ಟುತ್ತಲೇ, ಬೆಳಿಗ್ಗೆ ಏಳೂವರೆಯ ಸುಮಾರಿಗೆ ಏರಲು ಸಿದ್ಧವಾಗುತ್ತವೆ. ಕುಟುಂಬವಾದರೋ ತಿಂಡಿಯಾಗದೆ ಹೊಸ್ತಿಲು ದಾಟುವುದಿಲ್ಲ. ಆಮೇಲೆ ಥರ್ಮಲ್, ಸ್ವೆಟರ್, ಜಾಕೆಟ್, ಕೈಗವಸು, ಸ್ನೋ ಬೂಟು ಎಂಬ ಕ್ರಮದಲ್ಲಿ ಮಕ್ಕಳ ಅಲಂಕಾರ. ಕೊನೆಯ ಜಿಪ್ ಎಳೆದ ಕೂಡಲೇ ಹಿರಿಮಗ 'ಅಮ್ಮಾ, ಸುಸ್ಸೂ' ಎನ್ನುತ್ತಾನೆ. ಅದೇ ಕ್ರಮ ಹಿಂದುಮುಂದಾಗಿ ನಡೆಯುತ್ತದೆ. ಅಜ್ಜಿ ಸೀರೆಯ ಒಳಗೆ ಮಗನ ಟ್ರ್ಯಾಕ್ ಪ್ಯಾಂಟು, ಮೇಲೆ ಸೊಸೆಯ ಜಾಕೆಟ್ಟು, ಅದರ ಮೇಲೆ ತಮ್ಮದೇ ಶಾಲು ಹೊದ್ದು, ಎಲ್ಲರಿಗಿಂತ ಮೊದಲು ತಯಾರಾಗಿ ಸೋಫಾದ ಮೇಲೆ ಬೆವರುತ್ತಿರುತ್ತಾರೆ.

ಬುತ್ತಿ ಕಟ್ಟುವುದರಲ್ಲೂ ಶಾಸ್ತ್ರವಿದೆ. ಮೊಸರನ್ನ ಈ ಚಳಿಗೆ ಗಟ್ಟಿಯಾಗಿ ಚಮಚಕ್ಕೆ ಬಗ್ಗುವುದಿಲ್ಲ. ಪುಳಿಯೋಗರೆ ತಣ್ಣಗಾದರೂ ನಡೆಯುತ್ತದೆ, ಆದರೆ ತಿನ್ನಲು ಕೈಗವಸು ತೆಗೆಯಬೇಕು. ಎಲ್ಲ ಪರೀಕ್ಷೆಯಲ್ಲೂ ಗೆಲ್ಲುವುದು ಕೋಡುಬಳೆ. ಅದು ಮೊದಲೇ ಗಟ್ಟಿ.

ಹತ್ತು ಗಂಟೆಗೆ ಮೈದಾನ ತಲುಪಿದವರಿಗೆ ಎರಡು ಸುದ್ದಿಗಳಲ್ಲಿ ಒಂದು ಕಾದಿರುತ್ತದೆ: ಬಲೂನುಗಳು ಆಗಲೇ ಹಾರಿಹೋದವು, ಇಲ್ಲವೇ ಗಾಳಿ ಜಾಸ್ತಿಯೆಂದು ಹಾರಲೇ ಇಲ್ಲ. ಗಾಳಿಯ ವೇಗ ಗಂಟೆಗೆ 16 ಕಿಲೋಮೀಟರಿನ ಆಸುಪಾಸಿಗೆ ಬಂದರೆ ಪೈಲಟ್‌ಗಳು ಏರಲು ಹಿಂಜರಿಯುತ್ತಾರೆ. ಎರಡನೆಯ ಸುದ್ದಿ ಕೇಳಿದ ಕುಟುಂಬದ ಮುಖ ಅರಳುತ್ತದೆ. 'ನೋಡಿದ್ಯಾ, ಬೇಗ ಬಂದೋರಿಗೆ ಏನು ಸಿಕ್ತು?' ಎಂದು ತಾತ ತೀರ್ಪು ಕೊಡುತ್ತಾರೆ.

ಉಳಿದ ಹೊತ್ತು ತಿಳಿವಳಿಕೆಗೆ ಮೀಸಲು. ಬಲೂನಿನೊಳಗಿನ ಗಾಳಿ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ; ಹೊರಗಿನ ಗಾಳಿ ತಣ್ಣಗಿದ್ದಷ್ಟೂ ದಟ್ಟವಾಗಿದ್ದು ಬಲೂನನ್ನು ಎತ್ತುವುದು ಸಲೀಸು. ಚಳಿಯಿಂದ ಲಾಭವಾಗುವುದು ಬಲೂನಿಗೆ ಮಾತ್ರ. ಬುಟ್ಟಿಯೊಳಗಿನ ಸಿಲಿಂಡರ್ ಕಂಡ ತಾತ 'ಇದು ನಮ್ಮನೆ ಗ್ಯಾಸೇ' ಎನ್ನುತ್ತಾರೆ. ಅರ್ಧ ನಿಜ. ಭಾರತದ ಅಡುಗೆ ಅನಿಲದಲ್ಲಿ ಬ್ಯುಟೇನು ಕೂಡಿರುತ್ತದೆ. ಅದು ಸೊನ್ನೆ ಡಿಗ್ರಿಯ ಹತ್ತಿರವೇ ದ್ರವವಾಗಿ ಕೂತುಬಿಡುತ್ತದೆ. ಬಲೂನಿಗೆ ಬಳಸುವುದು ಮೈನಸ್ 42 ಡಿಗ್ರಿಯಲ್ಲಿ ಕುದಿಯುವ ಪ್ರೊಪೇನು. ಅದರ ಒತ್ತಡವೂ ಕಡುಚಳಿಗೆ ಕುಗ್ಗುವುದರಿಂದ ಸಿಲಿಂಡರಿಗೆ ನೈಟ್ರೋಜನ್ ತುಂಬುವ ರೂಢಿಯಿದೆ. ಪೈಲಟ್ಟಿನ ಹಿಡಿತದಲ್ಲಿರುವುದು ಏರುವುದು, ಇಳಿಯುವುದು ಎರಡೇ, ದಿಕ್ಕು ಗಾಳಿಯದು. ಕಾರಿನಲ್ಲೂ ಹೀಗೆಯೇ: ಸ್ಟೀರಿಂಗ್ ಮಗನ ಕೈಯಲ್ಲಿದ್ದರೂ ದಾರಿ ಹೇಳುವುದು ಹಿಂದಿನ ಸೀಟು.

'ಹತ್ತುತ್ತೀರಾ ಅತ್ತೆ?' ಎಂದು ಸೊಸೆ ಕೇಳುವುದು ಉಪಚಾರಕ್ಕೆ. 1783ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಮಾಂಗಾಲ್ಫಿಯೆ ಸೋದರರು ವರ್ಸೇಲ್ಸ್‌ನಲ್ಲಿ ಮೊದಲು ಕುರಿ, ಬಾತುಕೋಳಿ, ಹುಂಜಗಳನ್ನು ಹಾರಿಸಿದರು. ಹಗ್ಗ ಕಟ್ಟದೆ ಹಾರುವ ಸರದಿ ಮನುಷ್ಯರಿಗೆ ಬಂದದ್ದು ನವೆಂಬರಿನಲ್ಲಿ. ಇದನ್ನು ಮೊಮ್ಮಗ ಓದಿ ಹೇಳಿದಾಗ ಅಜ್ಜಿ 'ಬುದ್ಧಿವಂತರು' ಎಂದಷ್ಟೇ ಹೇಳಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಾರೆ.

ಕನ್ನಡ ಕುಟುಂಬದ ಗಡಿಯಾರಕ್ಕೆ ಸರಿಹೊಂದುವುದು ಸಂಜೆಯ ಕಾರ್ಯಕ್ರಮ. ಕತ್ತಲಾದ ಮೇಲೆ ಬಲೂನುಗಳನ್ನು ನೆಲದಲ್ಲೇ ನಿಲ್ಲಿಸಿ ಒಳಗೆ ಬೆಂಕಿ ಹಾಯಿಸುತ್ತಾರೆ. ಬಣ್ಣದ ಬಟ್ಟೆ ಹೊಳೆಯುತ್ತದೆ. ಗಾಳಿ ಹೆಚ್ಚಿದ್ದರೆ ಬಲೂನು ಬಿಚ್ಚದೆ ಬುಟ್ಟಿಯ ಉರಿಯನ್ನಷ್ಟೇ ಎತ್ತರಕ್ಕೆ ಚಿಮ್ಮಿಸುತ್ತಾರೆ. ಹಬ್ಬವಿಡೀ ಹಿರಿಯರಿಗೆ ಬೆಚ್ಚಗಾಗುವುದು ಈಗಲೇ. ಎಲ್ಲರಿಗಿಂತ ಮುಂದೆ ನಿಲ್ಲುವವರೂ ಅವರೇ.

ಚಳಿಗೆ ಫೋನಿನ ಬ್ಯಾಟರಿ ಸಾಯುವ ಮುನ್ನ ಒಂದು ಫೋಟೋ ಮೈಸೂರಿಗೆ ಹೋಗುತ್ತದೆ. ಇಲ್ಲಿ ಸಂಜೆ ಏಳು, ಅಲ್ಲಿ ಮರುದಿನ ಬೆಳಿಗ್ಗೆ ಆರೂವರೆ. ಹಿನ್ನೆಲೆಯಲ್ಲಿ ಆರಂತಸ್ತಿನ ಎತ್ತರಕ್ಕೆ ಬೆಳಗುತ್ತಿರುವ ಬಲೂನು, ಮುಂದೆ ಎರಡು ಟೋಪಿ ತೊಟ್ಟು ಕಣ್ಣು ಮಾತ್ರ ಕಾಣುವ ಮಗು. ಚಿಕ್ಕಮ್ಮನಿಂದ ಉತ್ತರ ಕೂಡಲೇ ಬರುತ್ತದೆ: 'ಮಗೂಗೆ ಕಿವಿಗೆ ಹತ್ತಿ ಇಟ್ಟಿದೀರಾ?'